ಬಾಗಿಲು ಕಾಯುವವರ ಮಗನ ಖಲಂ

ಈಗ ಪುಸ್ತಕದ ಅಂಗಡಿಗೆ ಹೋದರೆ ದೊಡ್ಡವರಿಗೆ ಅಂತಲೇ ಮಾಡಿದ ಚಿತ್ತಾರದ ಪುಸ್ತಕಗಳು ಸಿಗುತ್ತವೆ. ತಲೆಬಿಸಿ ಆದಾಗ ಕಪ್ಪು ಶಾಯಿಯ ಪೆನ್ನು ಹಿಡಿದು ಸಣ್ಣ ಸಣ್ಣ ಗೆರೆ, ವೃತ್ತ, ಎಲೆ, ಬಳ್ಳಿ ಎಂದು ಒಂದೇ ರೀತಿ ಎಳೆಯುತ್ತಾ ಕೂತರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಇದನ್ನು ಹೊಸ ಸಂಗತಿ ಅಂತ ತಿಳಿಯುವುದು ಬೇಡ. ಸಾವಿರ ವರ್ಷದ ಹಿಂದೆ ಬಗ್ದಾದಿನಲ್ಲಿ ಒಬ್ಬರು ಇಡೀ ಆಯುಷ್ಯವನ್ನೇ ಗೆರೆ ಮತ್ತು ಮಸಿಯಲ್ಲಿ ಕಳೆದರು. ಅವರ ಹೆಸರು ಅಬುಲ್ ಹಸನ್ ಅಲಿ ಇಬ್ನ್ ಹಿಲಾಲ್. ಲೋಕಕ್ಕೆ ಗೊತ್ತಿರುವುದು ಇಬ್ನುಲ್ ಬವ್ವಾಬ್ ಎಂಬ ಹೆಸರಿನಿಂದ.

ಬಾಬ್ ಎಂದರೆ ಬಾಗಿಲು ಎಂದು ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತುಂಟು. ಬವ್ವಾಬ್ ಎಂದರೆ ಬಾಗಿಲು ಕಾಯುವವರು. ಅವರ ತಂದೆಯ ಕೆಲಸ ಅದೇ ಆಗಿತ್ತು. ಇಬ್ನುಸ್ಸಿತ್ರಿ ಎಂದೂ ಅವರನ್ನು ಕರೆಯುತ್ತಿದ್ದರು. ಸಿತ್ರ್ ಎಂದರೆ ಪರದೆ. ಬಾಗಿಲಿನ ಪರದೆಯ ಪಕ್ಕ ನಿಲ್ಲುವವರ ಮಗ ಎಂಬರ್ಥ. ದೊಡ್ಡ ಮನೆತನ ಇಲ್ಲ, ಆಸ್ತಿ ಇಲ್ಲ. ಬಡತನದ ಆ ಗುರುತನ್ನೇ ಅವರು ಕೊನೆಯವರೆಗೂ ಹೆಸರಾಗಿ ಹೊತ್ತುಕೊಂಡರು.

ಶುರುವಿನಲ್ಲಿ ಅವರು ಬರಹಗಾರರಾಗಿರಲಿಲ್ಲ. ಮನೆಗಳ ಗೋಡೆಗೆ ಬಣ್ಣದ ಚಿತ್ತಾರ ಬಿಡಿಸುವುದು ಅವರ ದುಡಿಮೆ. ಆಮೇಲೆ ಗೋಡೆಯಿಂದ ಪುಸ್ತಕಕ್ಕೆ ಬಂದರು. ಪುಟಗಳ ಅಂಚಿಗೆ, ಶೀರ್ಷಿಕೆಗೆ ಬಂಗಾರದ ಬಣ್ಣದಲ್ಲಿ ಅಲಂಕಾರ ಮಾಡುವ ಕೆಲಸ. ಅಕ್ಷರ ಬರೆಯುವ ಕಲೆಗೆ ಕೈ ಹಾಕಿದ್ದು ಅದರ ನಂತರ. ಕುರ್‌ಆನನ್ನು ಕಂಠಪಾಠ ಮಾಡಿದ್ದ ಅವರು ಬಗ್ದಾದಿನ ಮನ್ಸೂರ್ ಮಸೀದಿಯಲ್ಲಿ ಉಪದೇಶವನ್ನೂ ಮಾಡುತ್ತಿದ್ದರು.

ಆ ಕಾಲಕ್ಕೆ ಅರಬಿ ಬರವಣಿಗೆಯಲ್ಲಿ ದೊಡ್ಡ ಹೆಸರು ಇಬ್ನ್ ಮುಖ್ಲಾರದ್ದು. ಅವರು ಮೂವರು ಖಲೀಫರ ಬಳಿ ವಝೀರರಾಗಿದ್ದವರು. ಅರಮನೆಯ ರಾಜಕೀಯದಲ್ಲಿ ಬಲಗೈ ಕಳೆದುಕೊಂಡು 940ರಲ್ಲಿ ಸೆರೆಮನೆಯಲ್ಲೇ ತೀರಿಹೋದರು. ಅಕ್ಷರಕ್ಕೆ ಅಳತೆ ಕೊಟ್ಟವರು ಅವರೇ. ಖಲಮಿನ ತುದಿಯನ್ನು ಕಾಗದಕ್ಕೆ ಒತ್ತಿದರೆ ಒಂದು ಓರೆ ಚೌಕದ ಚುಕ್ಕೆ ಮೂಡುತ್ತದೆ. ಅಲಿಫ್ ಇಷ್ಟು ಚುಕ್ಕೆ ಎತ್ತರ, ಉಳಿದ ಅಕ್ಷರಗಳೆಲ್ಲ ಆ ಅಲಿಫಿನ ಲೆಕ್ಕದಲ್ಲಿ ಎಂಬ ನಿಯಮ. ಇಬ್ನುಲ್ ಬವ್ವಾಬ್ ಈ ವಿದ್ಯೆಯನ್ನು ಮುಹಮ್ಮದ್ ಇಬ್ನ್ ಅಸದ್ ಮುಂತಾದ ಉಸ್ತಾದರಿಂದ ಕಲಿತರು. ಇಬ್ನ್ ಮುಖ್ಲಾ ಅಕ್ಷರಕ್ಕೆ ಅಳತೆ ಕೊಟ್ಟರು, ಇವರು ಆ ಅಳತೆಗೆ ನಯ ಕೊಟ್ಟರು ಎಂದು ತಿಳಿದವರು ಹೇಳುತ್ತಾರೆ.

ಅವರ ಬದುಕಿನ ಒಂದು ಘಟನೆಯನ್ನು ಯಾಖೂತ್ ಅಲ್ ಹಮವಿ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಇಬ್ನುಲ್ ಬವ್ವಾಬ್ ಆಗ ಶೀರಾಝಿನಲ್ಲಿ ಬುವೈಹಿ ದೊರೆ ಬಹಾವುದ್ದೌಲರ ಗ್ರಂಥಾಲಯ ನೋಡಿಕೊಳ್ಳುತ್ತಿದ್ದರು. ಒಂದು ದಿನ ಪುಸ್ತಕಗಳ ನಡುವೆ ಕಪ್ಪು ರಟ್ಟಿನ ಒಂದು ಸಂಪುಟ ಬಿದ್ದಿತ್ತು. ಬಿಡಿಸಿ ನೋಡಿದರೆ ಇಬ್ನ್ ಮುಖ್ಲಾರ ಕೈಯಲ್ಲಿ ಬರೆದ ಕುರ್‌ಆನಿನ ಒಂದು ಜುಝ್! ಉಳಿದದ್ದನ್ನು ಹುಡುಕುತ್ತಾ ಹೋದರು. ಅಲ್ಲೊಂದು ಇಲ್ಲೊಂದು ಎಂದು 29 ಸಿಕ್ಕಿತು. 30ನೆಯದು ಮಾತ್ರ ಎಷ್ಟು ಹುಡುಕಿದರೂ ಇಲ್ಲ.

ದೊರೆಗೆ ವಿಷಯ ತಿಳಿಸಿದರು. ಕಡಿಮೆಯಾದ ಜುಝನ್ನು ತಾನೇ ಬರೆಯುತ್ತೇನೆ, ಬರೆದ ಮೇಲೆ 30ರಲ್ಲಿ ಯಾವುದು ತನ್ನದೆಂದು ದೊರೆಗೆ ಗುರುತಿಸಲು ಆಗದಿದ್ದರೆ ಒಂದು ಗೌರವದ ಉಡುಪು ಮತ್ತು 100 ದೀನಾರ್ ಕೊಡಬೇಕು ಎಂದು ಕೇಳಿದರು. ದೊರೆ ಒಪ್ಪಿದರು.

ನಂತರದ್ದು ನಿಜಕ್ಕೂ ತಾಳ್ಮೆಯ ಕೆಲಸ. ಗ್ರಂಥಾಲಯದಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ತಡಕಾಡಿ ಆ ಮುಸ್‌ಹಫಿನ ಕಾಗದಕ್ಕೆ ಹೊಂದುವಂಥದ್ದನ್ನು ಆರಿಸಿದರು. ಇಬ್ನ್ ಮುಖ್ಲಾರ ಕೈಯಂತೆಯೇ ಬರೆದರು. ಅಲಂಕಾರ ಮಾಡಿ, ಬಂಗಾರದ ಬಣ್ಣ ಹಳತಾದಂತೆ ಕಾಣಿಸಿದರು. ಹಳೆಯ ಒಂದು ಜುಝಿನ ರಟ್ಟು ಬಿಚ್ಚಿ ಹೊಸದಕ್ಕೆ ಹಾಕಿದರು. ಹಳೆಯದಕ್ಕೆ ಬೇರೆ ರಟ್ಟು ಕಟ್ಟಿ ಅದನ್ನೂ ಹಳತು ಮಾಡಿದರು.

ದೊರೆಗೆ ಈ ವಿಷಯ ಮರೆತೇ ಹೋಗಿತ್ತು. ಸುಮಾರು ಒಂದು ವರ್ಷ ಕಳೆದು ನೆನಪಾಗಿ ಕೇಳಿದಾಗ ಇಬ್ನುಲ್ ಬವ್ವಾಬ್ 30 ಜುಝನ್ನೂ ತಂದು ಮುಂದಿಟ್ಟರು. ದೊರೆ ಒಂದೊಂದನ್ನೇ ತಿರುಗಿಸಿ ನೋಡಿದರು. ಗುರುತು ಸಿಗಲಿಲ್ಲ. ಕೊನೆಗೆ ಸೋತು, ಈ ಗುಟ್ಟು ನಮ್ಮಿಬ್ಬರ ನಡುವೆಯೇ ಇರಲಿ ಎಂದರು.

ಗೆದ್ದಾಯಿತು. ಆದರೆ ಒಪ್ಪಿಕೊಂಡ ಬಹುಮಾನ ಬರಲಿಲ್ಲ. ಇಂದು ನಾಳೆ ಎಂದು ದೊರೆ ಮುಂದೂಡುತ್ತಲೇ ಇದ್ದರು. ದೊರೆಯ ಹತ್ತಿರ ಜಗಳ ಮಾಡಲಿಕ್ಕೆ ಆಗುತ್ತದಾ? ಇಬ್ನುಲ್ ಬವ್ವಾಬ್ ಒಂದು ದಿನ ಬೇರೆಯೇ ಬೇಡಿಕೆ ಇಟ್ಟರು. ಉಡುಪೂ ಬೇಡ, ದೀನಾರೂ ಬೇಡ, ಗ್ರಂಥಾಲಯದಲ್ಲಿ ಕತ್ತರಿಸಿಟ್ಟ ಚೀನಾದ ಬಿಳಿ ಕಾಗದ ಉಂಟಲ್ಲ, ಅದನ್ನು ಕೊಡಿ ಎಂದರು. ದೊರೆ ತಕ್ಷಣ ಒಪ್ಪಿದರು. ಆ ಕಾಗದದ ಮೇಲೆ ಅವರು ವರ್ಷಗಟ್ಟಲೆ ಬರೆದರಂತೆ. ಚಿನ್ನ ಕೇಳಬಹುದಾಗಿದ್ದ ಮನುಷ್ಯ ಖಾಲಿ ಕಾಗದ ಕೇಳಿದರು. ಅವರ ಮನಸ್ಸು ಎಲ್ಲಿತ್ತು ಎಂದು ತಿಳಿಯಲು ಇದಕ್ಕಿಂತ ಹೆಚ್ಚಿನದ್ದು ಬೇಕಾಗಿಲ್ಲ.

ಅವರು ತಮ್ಮ ಜೀವಮಾನದಲ್ಲಿ 64 ಮುಸ್‌ಹಫ್ ಬರೆದರು ಎಂಬ ಮಾತುಂಟು. ಇಂದು ಉಳಿದಿರುವ ಹೆಸರುವಾಸಿ ಪ್ರತಿ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಹಿಜರಿ 391, ಅಂದರೆ ಕ್ರಿ.ಶ. 1000-1001ರಲ್ಲಿ ಬಗ್ದಾದಿನಲ್ಲಿ ಬರೆದದ್ದು. 286 ಹಾಳೆ, ಪುಟಕ್ಕೆ 15 ಸಾಲು, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಗಾತ್ರ. ಅದಕ್ಕೂ ಹಿಂದಿನ ಮುಸ್‌ಹಫ್‌ಗಳು ಹೆಚ್ಚಾಗಿ ಚರ್ಮದ ಹಾಳೆಯ ಮೇಲೆ, ಕೋನಕೋನವಾದ ಕೂಫಿ ಅಕ್ಷರದಲ್ಲಿ ಇರುತ್ತಿದ್ದವು. ಇವರದ್ದು ಕಾಗದದ ಮೇಲೆ, ದುಂಡಗಿನ ನಸ್ಖ್ ಅಕ್ಷರದಲ್ಲಿ. ನಸ್ಖ್ ಬರಹದಲ್ಲಿ ಉಳಿದು ಬಂದ ತೀರಾ ಹಳೆಯ ಮುಸ್‌ಹಫ್‌ಗಳಲ್ಲಿ ಇದೂ ಒಂದು. ಇಂದು ನಮ್ಮ ಮಕ್ಕಳು ರೇಹಲಿನ ಮೇಲಿಟ್ಟು ಓದುವ ಮುದ್ರಿತ ಮುಸ್‌ಹಫಿನ ಅಕ್ಷರವೂ ನಸ್ಖ್ ವಂಶದ್ದೇ.

ಆ ಮುಸ್‌ಹಫಿನ ಮೊದಲ ಮತ್ತು ಕೊನೆಯ ಪುಟಗಳನ್ನು ನೋಡಬೇಕು. ಅಷ್ಟಕೋನಗಳು, ಒಂದರೊಳಗೊಂದು ಹೆಣೆದ ಅರ್ಧವೃತ್ತಗಳು, ನಡುವೆ ಬಳ್ಳಿ ಎಲೆಗಳು. ಸೂರಃ, ಆಯತ್, ಅಕ್ಷರಗಳ ಲೆಕ್ಕವನ್ನು ಕೂಡ ಆ ಚಿತ್ತಾರದೊಳಗೇ ಬರೆದಿಟ್ಟಿದ್ದಾರೆ. ಗೋಡೆಗೆ ಬಣ್ಣ ಬಳಿದ ಕೈ ಇಲ್ಲಿ ಉಪಯೋಗಕ್ಕೆ ಬಂತು.

ಈ ರೀತಿಯ ಹೆಣಿಗೆಯಲ್ಲಿ ಒಂದು ಗುಟ್ಟುಂಟು. ಕೈವಾರದಿಂದ ವೃತ್ತ ಎಳೆದು ಆರು ಅಥವಾ ಎಂಟು ಭಾಗ ಮಾಡಿ, ಬಿಂದುಗಳನ್ನು ಸೇರಿಸುತ್ತಾ ಹೋಗಬೇಕು. ಪಟ್ಟಿಯೊಂದು ಒಮ್ಮೆ ಮೇಲೆ ಹಾದರೆ ಮುಂದಿನ ಕಡೆ ಕೆಳಗೆ ಹಾಯಬೇಕು, ಚಾಪೆ ನೇಯ್ದ ಹಾಗೆ. ಒಂದು ಕಡೆ ತಪ್ಪಿದರೆ ಪೂರ್ತಿ ಕೆಡುತ್ತದೆ. ಹಾಗಾಗಿ ಮನಸ್ಸು ನಿನ್ನೆಯ ಜಗಳಕ್ಕೂ ಹೋಗುವ ಹಾಗಿಲ್ಲ, ನಾಳೆಯ ಸಾಲಕ್ಕೂ ಹೋಗುವ ಹಾಗಿಲ್ಲ. ಈಗಿನವರು ಪೆನ್ನಿನ ಚಿತ್ತಾರದಲ್ಲಿ ನೆಮ್ಮದಿ ಸಿಗುತ್ತದೆ ಅನ್ನುವುದಕ್ಕೂ ಕಾರಣ ಇದೇ ಇರಬೇಕು.

ಹಿಜರಿ 413, ಕ್ರಿ.ಶ. 1022ರಲ್ಲಿ ಬಗ್ದಾದಿನಲ್ಲಿ ಅವರು ವಫಾತಾದರು. ಇಮಾಮ್ ಅಹ್ಮದ್ ಇಬ್ನ್ ಹಂಬಲ್ (ರ)ರ ಕಬರಿನ ಸಮೀಪ ದಫನ ಮಾಡಲಾಯಿತು. ಬದುಕಿರುವಾಗ ಅವರ ಬರಹಕ್ಕೆ ತಕ್ಕ ಬೆಲೆ ಸಿಗಲಿಲ್ಲ. ಯಾರಿಗೋ ಒಂದು ಚಿಕ್ಕ ಸಹಾಯ ಮಾಡಿ ಎಂದು ಅವರು ಬರೆದ ಸುಮಾರು 70 ಸಾಲಿನ ಪತ್ರ ಅವರ ಕಾಲದ ನಂತರ 17 ದೀನಾರಿಗೆ, ಇನ್ನೊಮ್ಮೆ 25 ದೀನಾರಿಗೆ ಮಾರಾಟವಾಯಿತಂತೆ. ಪತ್ರದಲ್ಲಿ ಕೇಳಿದ ಸಹಾಯದ ಬೆಲೆಯೇ ಎರಡು ದೀನಾರ್ ಇರಲಿಲ್ಲ!

ಅವರ ಕೈ ಮಾತ್ರ ಸಾಯಲಿಲ್ಲ. ಉಸ್ತಾದರಿಂದ ಶಿಷ್ಯರಿಗೆ ಎಂದು ದಾಟುತ್ತಾ ಬಂತು. ಆ ಕೊಂಡಿಯಲ್ಲಿ ಒಬ್ಬ ಮಹಿಳೆಯೂ ಇದ್ದಾರೆ. ಬಗ್ದಾದಿನ ಶುಹ್ದಾ, 1178ರಲ್ಲಿ ವಫಾತಾದವರು. ಹದೀಸ್ ಕಲಿಸುವ ವಿದುಷಿ, ಅಕ್ಷರ ಕಲೆಯಲ್ಲೂ ಎತ್ತಿದ ಕೈ. ಮುಂದೆ ಇದೇ ಪರಂಪರೆಯಲ್ಲಿ ಯಾಖೂತ್ ಅಲ್ ಮುಸ್ತಅಸಿಮಿ ಬಂದರು. 1258ರಲ್ಲಿ ಮಂಗೋಲರು ಬಗ್ದಾದನ್ನು ಹಾಳುಗೆಡವಿದಾಗ ಗ್ರಂಥಾಲಯಗಳು ಹೋದವು, ಖಿಲಾಫತ್ ಹೋಯಿತು. ಯಾಖೂತ್ ಬದುಕುಳಿದರು, ವಿದ್ಯೆ ಉಳಿಯಿತು.

ಡಬ್ಲಿನ್‌ನ ಆ ಮುಸ್‌ಹಫಿನ ಕೊನೆಯಲ್ಲಿ ಇಬ್ನುಲ್ ಬವ್ವಾಬ್ ತಮ್ಮ ಹೆಸರು, ಊರು, ವರ್ಷ ಬರೆದು, ಅಲ್ಲಾಹನನ್ನು ಸ್ತುತಿಸಿ, ಪ್ರವಾದಿ (ಸ)ರ ಮೇಲೆ ಸ್ವಲಾತ್ ಹೇಳಿ, ತಮ್ಮ ತಪ್ಪುಗಳಿಗೆ ಕ್ಷಮೆ ಬೇಡಿದ್ದಾರೆ. ಇಷ್ಟು ಚಂದ ಬರೆದ ಮೇಲೂ ಕ್ಷಮೆ ಕೇಳಿದರು. ಇನ್ನು ಅಲಿಫ್ ಸೊಟ್ಟಗಾಯಿತು ಎಂದು ಸ್ಲೇಟು ಒರೆಸಿ ಮತ್ತೆ ಬರೆಯುವ ನಮ್ಮ ಮಕ್ಕಳನ್ನು ಗದರಿಸುವ ಮೊದಲು ನಾವು ಸ್ವಲ್ಪ ಯೋಚಿಸಬೇಕು. ಆ ಮಗು ಕೂಡ ಅದೇ ಕೆಲಸದಲ್ಲಿದೆ.