ಲ ಕಾರ್ಬೂಸಿಯೆ

ಲ ಕಾರ್ಬೂಸಿಯೆ (6 ಅಕ್ಟೋಬರ್ 1887 – 27 ಆಗಸ್ಟ್ 1965) ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ವಾಸ್ತುಶಿಲ್ಪಿ, ನಗರಯೋಜಕ ಹಾಗೂ ಲೇಖಕ. ಮೂಲ ಹೆಸರು ಶಾರ್ಲ್-ಎದ್ವಾರ್ ಜಾನ್ನರೆ. ಭಾರತೀಯರಿಗೆ ಈತ ಚಂಡೀಗಢದ ಶಿಲ್ಪಿಯೆಂದೇ ಪರಿಚಿತ. ಒಂದೇ ಕಾಂಕ್ರೀಟ್ ಕಟ್ಟಡದಲ್ಲಿ ನೂರಾರು ಕುಟುಂಬಗಳು ಒಂದರ ಸದ್ದು ಇನ್ನೊಂದಕ್ಕೆ ತಾಗದಂತೆ ಬಾಳುವುದು ಹೇಗೆಂಬ ಪ್ರಶ್ನೆಯನ್ನು ಕಟ್ಟಿಯೇ ಪರೀಕ್ಷಿಸಿದವರಲ್ಲಿಯೂ ಈತ ಪ್ರಮುಖ.

ಬಾಲ್ಯ ಮತ್ತು ಕಲಿಕೆ

ಗಡಿಯಾರ ತಯಾರಿಕೆಗೆ ಹೆಸರಾದ ಲಾ ಶೋ-ದ-ಫೋಂ ಪಟ್ಟಣ ಈತನ ಹುಟ್ಟೂರು. ತಂದೆ ಗಡಿಯಾರದ ಮುಖಬಿಲ್ಲೆಗಳಿಗೆ ಎನಾಮೆಲ್ ಹಾಕುವ ಕಸುಬಿನವನು, ತಾಯಿ ಪಿಯಾನೊ ಕಲಿಸುತ್ತಿದ್ದಳು, ಅಣ್ಣ ಪಿಟೀಲುವಾದಕನಾದ. ಕಲಾಶಾಲೆಯಲ್ಲಿ ಕೆತ್ತನೆ ಕಲಿಯುತ್ತಿದ್ದ ಹುಡುಗನನ್ನು ಗುರು ಶಾರ್ಲ್ ಲೆಪ್ಲಾತನಿಯೆ ವಾಸ್ತುಶಿಲ್ಪದತ್ತ ತಿರುಗಿಸಿದ. ಈ ವಿದ್ಯೆಯಲ್ಲಿ ಈತ ಯಾವ ಪದವಿಯನ್ನೂ ಪಡೆಯಲಿಲ್ಲ.

1907ರ ಇಟಲಿ ಪ್ರವಾಸದಲ್ಲಿ ಫ್ಲಾರೆನ್ಸ್ ಸಮೀಪದ ಎಮಾ ಕಣಿವೆಯ ಸಂನ್ಯಾಸಿಗಳ ಮಠವನ್ನು ಕಂಡ. ಅಲ್ಲಿ ಪ್ರತಿ ಸಂನ್ಯಾಸಿಗೂ ಕೈತೋಟವಿರುವ ಪ್ರತ್ಯೇಕ ಬಿಡಾರವಿತ್ತು. ಎಲ್ಲ ಬಿಡಾರಗಳೂ ಒಂದೇ ಮೊಗಸಾಲೆಗೆ ತೆರೆದುಕೊಳ್ಳುತ್ತಿದ್ದವು. ಏಕಾಂತವೂ ಸಹವಾಸವೂ ಒಂದೆಡೆ ಕೂಡಿದ್ದ ಈ ಏರ್ಪಾಡು ಈತನ ಮನಸ್ಸಿನಿಂದ ಎಂದೂ ಮರೆಯಾಗಲಿಲ್ಲ. ಮರುವರ್ಷ ಪ್ಯಾರಿಸಿನಲ್ಲಿ ಆಗುಸ್ಟ್ ಪೆರೆಯ ಕಚೇರಿ ಸೇರಿ ಕಬ್ಬಿಣದ ಸರಳು ಹುದುಗಿಸಿದ ಪ್ರಬಲಿತ ಕಾಂಕ್ರೀಟಿನ ಕೆಲಸವನ್ನು ಕಲಿತ. 1914ರಲ್ಲಿ ರೂಪಿಸಿದ ‘ದೊಮ್-ಇನೊ’ ಮಾದರಿಯಲ್ಲಿ ಕಂಬ, ಚಪ್ಪಡಿ ಮತ್ತು ಮೆಟ್ಟಿಲುಗಳಷ್ಟೇ ಕಟ್ಟಡದ ಅಸ್ಥಿಪಂಜರ. ಭಾರ ಹೊರುವ ಹೊಣೆ ಗೋಡೆಗಳಿಗಿಲ್ಲ. ಇಂದಿನ ಬಹುಮಹಡಿ ವಸತಿಗಳ ಚೌಕಟ್ಟಿಗೂ ಇದೇ ತತ್ತ್ವ ಆಧಾರ. 1917ರಲ್ಲಿ ಪ್ಯಾರಿಸಿನಲ್ಲಿ ನೆಲೆಸಿ, 1920ರಿಂದ ಲ ಕಾರ್ಬೂಸಿಯೆ ಎಂಬ ಹೆಸರಿನಲ್ಲಿ ಬರೆಯತೊಡಗಿದ.

ಮಾರ್ಸೇಯ ವಸತಿ ಸಮುಚ್ಚಯ

ಎರಡನೆಯ ಮಹಾಯುದ್ಧದಲ್ಲಿ ಈತ ವಿಶಿ ಸರ್ಕಾರದ ಒಲವನ್ನು ಅರಸಿದ್ದು ಅಳಿಸಲಾಗದ ಕಳಂಕ. ಆದರೂ 1945ರಲ್ಲಿ ಪುನರ್ನಿರ್ಮಾಣ ಸಚಿವ ರಾವುಲ್ ದೋತ್ರಿ, ಮನೆ ಕಳೆದುಕೊಂಡವರಿಗಾಗಿ ಮಾರ್ಸೇಯಲ್ಲಿ ವಸತಿ ಕಟ್ಟುವ ಕಾರ್ಯವನ್ನು ಈತನಿಗೇ ವಹಿಸಿದ. ಉಕ್ಕಿನ ಕೊರತೆಯಿಂದ ಚೌಕಟ್ಟನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ಯಬೇಕಾಯಿತು. ಸೆಂಟ್ರಿಂಗ್ ಹಲಗೆಗಳ ಅಚ್ಚು ಮೂಡಿದ ಒರಟು ಮೈಗೆ ಗಿಲಾವು ಬಳಿಯದೆ ಹಾಗೆಯೇ ಉಳಿಸಿದ.

ತೊಡಕಿದ್ದುದು ಸದ್ದಿನ ವಿಷಯದಲ್ಲಿ. ಕಾಂಕ್ರೀಟಿನ ದಪ್ಪ ಗೋಡೆ ತನ್ನ ತೂಕದಿಂದಲೇ ಮಾತಿನ ಧ್ವನಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಹೆಜ್ಜೆ ಸಪ್ಪಳ, ಬಿದ್ದ ಪಾತ್ರೆ, ಎಳೆದ ಕುರ್ಚಿ ಇವುಗಳ ಕಂಪನ ಒಂದೇ ಎರಕದ ಚಪ್ಪಡಿ-ತೊಲೆಗಳ ಮೂಲಕ ಮನೆಯಿಂದ ಮನೆಗೆ ಹರಿಯುತ್ತದೆ. ಗೋಡೆಯನ್ನು ಎಷ್ಟು ದಪ್ಪ ಮಾಡಿದರೂ ಇದಕ್ಕೆ ಪೂರ್ಣ ಪರಿಹಾರವಿಲ್ಲ. ಗಟ್ಟಿ ಸಂಪರ್ಕವನ್ನೇ ಎಲ್ಲಾದರೂ ಕಡಿಯಬೇಕು. ಅದಕ್ಕಾಗಿ ಲ ಕಾರ್ಬೂಸಿಯೆ ಮತ್ತು ಎಂಜಿನಿಯರ್ ವ್ಲಾದಿಮಿರ್ ಬೊದಿಯಾನ್ಸ್ಕಿ ಪ್ರತಿ ಮನೆಯನ್ನೂ ಸ್ವತಂತ್ರ ಪೆಟ್ಟಿಗೆಯಾಗಿ ಕಲ್ಪಿಸಿ, ಗೂಡಿನಲ್ಲಿ ಸೀಸೆ ಇರಿಸಿದಂತೆ ಕಾಂಕ್ರೀಟ್ ಚೌಕಟ್ಟಿನೊಳಗೆ ಕೂರಿಸಿದರು. ಪೆಟ್ಟಿಗೆಗೂ ಚೌಕಟ್ಟಿಗೂ ನಡುವೆ ಸೀಸದ ಮೆತ್ತೆಗಳನ್ನು ಇಟ್ಟರು. ಮೆದುವೂ ಭಾರವೂ ಆದ ಸೀಸ ಕಂಪನವನ್ನು ಹೀರಿಕೊಳ್ಳುತ್ತದೆ. ಎಮಾ ಮಠದ ಬಿಡಾರಗಳು ಇಲ್ಲಿ ಒಂದರ ಮೇಲೊಂದು ಏರಿದವು ಎನ್ನಬಹುದು.

1947ರಲ್ಲಿ ಆರಂಭವಾದ ಕೆಲಸ 1952ರಲ್ಲಿ ಮುಗಿಯಿತು. 337 ಮನೆಗಳು, ಮೂರು ಮಹಡಿಗೊಂದು ಒಳಬೀದಿ, ಅಂಗಡಿಗಳು, ಛಾವಣಿಯ ಮೇಲೆ ಶಿಶುವಿಹಾರ ಇದರಲ್ಲಿದ್ದವು. ಊರಿನವರು ಇದನ್ನು ಹುಚ್ಚನ ಮನೆಯೆಂದು ಹಾಸ್ಯ ಮಾಡಿದರು. ವಿರೋಧಿಗಳು ನ್ಯಾಯಾಲಯಕ್ಕೂ ಹೋಗಿ ಸೋತರು.

ಮುಂದಿನ ದಶಕಗಳಲ್ಲಿ ಫ್ರಾನ್ಸಿನ ನಗರಗಳಂಚಿನಲ್ಲಿ ಎದ್ದ ಅಗ್ಗದ ಗೋಪುರಗಳು ಕಾಂಕ್ರೀಟನ್ನು ಅನುಕರಿಸಿದವೇ ಹೊರತು ಸೀಸದ ಮೆತ್ತೆಯನ್ನಲ್ಲ. ನೆರೆಮನೆಯ ಗದ್ದಲ ಅಲ್ಲಿನ ನಿವಾಸಿಗಳ ನಿತ್ಯದ ದೂರಾಯಿತು. ಅಪಕೀರ್ತಿಯ ಪಾಲು ಲ ಕಾರ್ಬೂಸಿಯೆಗೂ ಬಂದಿತು. ಹಳೆಯ ಬೀದಿಗಳನ್ನು ಅಳಿಸಿ ಗೋಪುರ ನಿಲ್ಲಿಸಬೇಕೆಂಬ ವಾದವನ್ನು 1920ರ ದಶಕದಲ್ಲೇ ಮಂಡಿಸಿದ್ದವನಾದ್ದರಿಂದ ಆ ಆರೋಪ ಪೂರ್ತಿ ನಿರಾಧಾರವಲ್ಲ. ವಸತಿಗಳ ಶಬ್ದನಿರೋಧಕ್ಕೆ ಫ್ರಾನ್ಸ್ ನಿಯಮ ರೂಪಿಸಿದ್ದು 1969ರಲ್ಲಿ.

ಭಾರತದಲ್ಲಿ

1951ರಿಂದ ಚಂಡೀಗಢದ ಯೋಜನೆಯಲ್ಲಿ ತೊಡಗಿದ ಈತ ಅಲ್ಲಿ ಉಚ್ಚ ನ್ಯಾಯಾಲಯ, ಸಚಿವಾಲಯ ಮತ್ತು ಶಾಸನಸಭಾ ಭವನಗಳನ್ನು ನಿರ್ಮಿಸಿದ. ಪ್ಯಾರಿಸಿನಲ್ಲಿ ಈತನ ಬಳಿ ದುಡಿದ ಬಾಲಕೃಷ್ಣ ದೋಶಿ ಮುಂದೆ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯನ್ನು ವಿನ್ಯಾಸಗೊಳಿಸಿದರು. 2016ರಲ್ಲಿ ಯುನೆಸ್ಕೊ ಈತನ 17 ಕೃತಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾರ್ಸೇಯ ವಸತಿಯೂ ಚಂಡೀಗಢದ ಈ ಭವನಗಳ ಸಮೂಹವೂ ಅದರಲ್ಲಿವೆ.

ಕೊನೆಯ ದಿನಗಳು

ಮೆಡಿಟರೇನಿಯನ್ ತೀರದ ರೊಕ್‌ಬ್ರೂನ್-ಕಾಪ್-ಮಾರ್ತಾಂದಲ್ಲಿ ಈತ ತನಗಾಗಿ ಕಟ್ಟಿಕೊಂಡದ್ದು ಸುಮಾರು 3.66 ಮೀಟರ್ ಚೌಕದ ಮರದ ಕೋಣೆ. 1965ರ ಆಗಸ್ಟ್ 27ರಂದು ಅಲ್ಲಿಯ ಕಡಲಲ್ಲಿ ಈಜುತ್ತಿದ್ದಾಗ ನಿಧನನಾದ. ಪತ್ನಿ ಇವೊನ್ 1957ರಲ್ಲೇ ತೀರಿಕೊಂಡಿದ್ದಳು. ತಾನೇ ವಿನ್ಯಾಸ ಮಾಡಿದ್ದ ಕಾಂಕ್ರೀಟಿನ ಸಮಾಧಿಯಲ್ಲಿ ಆಕೆಯ ಪಕ್ಕ ಈತನನ್ನು ಇರಿಸಲಾಗಿದೆ.