ಬಳ್ಳಾರಿಗೆ ಬಂದ ವಿಮಾನದಂಚೆಯೂ ಜೆ. ಆರ್. ಡಿ. ಟಾಟಾ ಅವರೂ

ಶಬ್ದದ ಐದುಪಟ್ಟು ವೇಗದಲ್ಲಿ, ಎಂದರೆ ಗಂಟೆಗೆ ಸುಮಾರು 6,000 ಕಿಲೋಮೀಟರಿನಂತೆ, ಜನರನ್ನು ಹೊತ್ತು ಹಾರಬಲ್ಲ ವಿಮಾನಗಳ ವಿಚಾರವು ಈಚೆಗೆ ಬಹಳವಾಗಿ ಚರ್ಚೆಗೆ ಬಂದಿರುವುದು. ಅಂಥ ವಿಮಾನವು ಮುಂಬಯಿಗೂ ಬಳ್ಳಾರಿಗೂ ನಡುವಣ ಸುಮಾರು 610 ಕಿಲೋಮೀಟರನ್ನು ಆರೇಳು ನಿಮಿಷಗಳಲ್ಲಿ ದಾಟೀತು. ನಕ್ಷೆಯ ಮೇಲೆ ಈ ಎರಡು ಊರುಗಳಿಗೂ ನೇರವಾದ ಗೆರೆಯನ್ನೆಳೆದರೆ, ಅದು ಕಂಪ್ಲಿಯ ಸಮೀಪದಲ್ಲಿ ತುಂಗಭದ್ರೆಯನ್ನು ದಾಟುವುದು. ಹಂಪೆಯೂ ಹೊಸಪೇಟೆಯೂ ಬಲಗಡೆಗೆ ಉಳಿಯುವುವು. ಈ ಪ್ರಾಂತದ ಆಕಾಶಕ್ಕೆ ಅಂಚೆಯ ವಿಮಾನವನ್ನು ತಂದ ಮಹನೀಯರ ಚರಿತ್ರೆಯನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರು 1904ನೆಯ ಜುಲೈ 29ರಂದು ಪ್ಯಾರಿಸಿನಲ್ಲಿ ಜನಿಸಿದರು. ತಾಯಿ ಫ್ರೆಂಚ್ ಮಹಿಳೆ. ಕುಟುಂಬವು ಬೇಸಗೆಯನ್ನು ಕಳೆಯುತ್ತಿದ್ದ ಕಡಲತೀರದ ಊರಿನಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಿಂದ ಮೊದಲು ದಾಟಿದ ಬ್ಲೇರಿಯೋ ಅವರೇ ನೆರೆಯವರು. ಬಾಲಕನ ಮನಸ್ಸು ಆಗಲೇ ಆಕಾಶಕ್ಕೆ ಸೋತಿತು. 1929ರಲ್ಲಿ ಭಾರತದಲ್ಲಿ ಕೊಡಲಾದ ಪ್ರಥಮ ವೈಮಾನಿಕ ಪರವಾನಗಿಯನ್ನು ಪಡೆದವರು ಅವರೇ. ಅದೇ ವರ್ಷ ಫ್ರಾನ್ಸಿನ ಪೌರತ್ವವನ್ನೂ ತ್ಯಜಿಸಿದರು.

ಆ ಕಾಲದಲ್ಲಿ ವಿಲಾಯಿತಿಯ ಅಂಚೆಯು ವಿಮಾನದಲ್ಲಿ ಕರಾಚಿಯವರೆಗೆ ಬರುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಅದನ್ನು ಒಯ್ಯುವ ಯೋಜನೆಯನ್ನು ಟಾಟಾ ಅವರೂ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರೂ ಮುಂದಿಟ್ಟರು. ಪರಕೀಯ ಸರ್ಕಾರವು ಸಹಾಯಧನವನ್ನು ಕೊಡಲಿಲ್ಲ. ಆದರೂ 1932ನೆಯ ಅಕ್ಟೋಬರ್ 15ರ ಬೆಳಗ್ಗೆ ಟಾಟಾ ಅವರು ಒಂದೇ ಎಂಜಿನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆಯ ಚೀಲಗಳೊಡನೆ ಕರಾಚಿಯನ್ನು ಬಿಟ್ಟರು. ಅಹಮದಾಬಾದಿನಲ್ಲಿ ಎತ್ತಿನ ಗಾಡಿಯ ಮೇಲೆ ಬಂದ ಡಬ್ಬಗಳಿಂದ ಎಣ್ಣೆಯನ್ನು ತುಂಬಿಸಿಕೊಂಡು ಮಧ್ಯಾಹ್ನಕ್ಕೆ ಮುಂಬಯಿಯನ್ನು ಸೇರಿದರು. ಅಲ್ಲಿಂದ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದವರು ವಿನ್ಸೆಂಟರು. ಬಳ್ಳಾರಿಯು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು; ಪಕ್ಕದ ಸಂಡೂರು ತನ್ನದೇ ಆದ ಸಂಸ್ಥಾನವಾಗಿತ್ತು. ಅಂದಿನ ವಿಮಾನಕ್ಕೆ ಮುಂಬಯಿಯಿಂದ ಬಳ್ಳಾರಿಗೆ ನಾಲ್ಕು ಗಂಟೆಯಷ್ಟು ಹೊತ್ತು ಬೇಕು. ಆದರೆ ಅದು ಬಳ್ಳಾರಿಯಲ್ಲಿ ಇಳಿಯುತ್ತಿತ್ತೆಂಬುದನ್ನು ವಾಚಕರು ಗಮನಿಸಬೇಕು. ಮಳೆಗಾಲದಲ್ಲಿಯೂ ಅಂಚೆಯು ತಪ್ಪಲಿಲ್ಲ. ಮೊದಲ ವರ್ಷದಲ್ಲಿ ಸಂಸ್ಥೆಯ ವಿಮಾನಗಳನ್ನೇರಿದ ಪ್ರಯಾಣಿಕರು 155 ಮಂದಿ ಮಾತ್ರ!

1938ರಲ್ಲಿ, 34ನೆಯ ವಯಸ್ಸಿನಲ್ಲಿ, ಟಾಟಾ ಉದ್ಯಮಗಳ ಅಧ್ಯಕ್ಷತೆಯು ಅವರಿಗೆ ಬಂದಿತು. 1946ರಲ್ಲಿ ವಿಮಾನಸಂಸ್ಥೆಯು ಏರ್ ಇಂಡಿಯಾ ಆಯಿತು. 1948ನೆಯ ಜೂನಿನಲ್ಲಿ ಸ್ವತಂತ್ರ ಭಾರತದ ವಿಮಾನವು ಲಂಡನ್ನಿಗೆ ಹೊರಟಿತು. 1953ರ ರಾಷ್ಟ್ರೀಕರಣವು ಅವರ ಅಭಿಪ್ರಾಯಕ್ಕೆ ವಿರುದ್ಧವಾಗಿತ್ತು. ಹಾಗಿದ್ದರೂ ಸಂಬಳವಿಲ್ಲದೆಯೇ ಅಧ್ಯಕ್ಷಸ್ಥಾನದಲ್ಲಿ ನಿಂತು ದುಡಿದರು. ವಿಮಾನದ ಶೌಚಗೃಹವು ಶುಚಿಯಾಗಿದೆಯೇ ಎಂಬುದನ್ನು ಸಹ ಸ್ವತಃ ನೋಡುತ್ತಿದ್ದ ಅಧ್ಯಕ್ಷರು ಇಂದಿನ ನಿಗಮಗಳಲ್ಲಿ ಎಷ್ಟು ಮಂದಿ ಇರುವರೋ ನಾವರಿಯೆವು.

ವೇಗದ ಮೋಹವು ಅವರಿಗೆ ಇಲ್ಲದಿರಲಿಲ್ಲ. 1960ರಲ್ಲಿ ಜೆಟ್ ವಿಮಾನಗಳನ್ನು ತಂದರು. ಬಳಿಕ ಶಬ್ದಾತೀತ ವೇಗದ ಕಾಂಕಾರ್ಡ್ ವಿಮಾನಗಳೆರಡನ್ನು ಕೊಳ್ಳುವ ಹಕ್ಕನ್ನು ಏರ್ ಇಂಡಿಯಾ ಕಾದಿರಿಸಿತು. ಎಣ್ಣೆಯ ಬೆಲೆಯು ಏರಿದ ಎಪ್ಪತ್ತರ ದಶಕದಲ್ಲಿ ಅದನ್ನು ಬಿಟ್ಟುಕೊಟ್ಟಿತು. ಅನ್ಯರ ಕಾಂಕಾರ್ಡ್ 1976ರಿಂದ 2003ರವರೆಗೆ ಹಾರಿತು. ಭಾರತವಾದರೋ ತನ್ನ ನೆಲದ ಮೇಲೆ ಅದು ಶಬ್ದವನ್ನು ಮೀರಿ ಹಾರುವುದಕ್ಕೆ ಒಪ್ಪಲಿಲ್ಲ. ಅಂಥ ವೇಗದಿಂದ ಹುಟ್ಟುವ ಸಿಡಿಲಿನಂಥ ಸದ್ದು ವಿಮಾನದ ಹಾದಿಯುದ್ದಕ್ಕೂ ನೆಲಕ್ಕೆ ಬಡಿಯುವುದು. ಹಂಪೆಯ ಶಿಥಿಲ ಮಂಟಪಗಳನ್ನು ಕಂಡವರಾರೂ ಆ ನಿರಾಕರಣೆಯನ್ನು ಹಳಿಯಲಾರರು.

ಇಂದು ಸಾಧನೆಯು ಮುಂದುವರಿದಿದೆ. 2016ನೆಯ ಆಗಸ್ಟಿನಲ್ಲಿ ಇಸ್ರೋ ಸಂಸ್ಥೆಯು, ಗಾಳಿಯಿಂದಲೇ ಆಮ್ಲಜನಕವನ್ನು ಹೀರಿ ಉರಿಯುವ ಸ್ಕ್ರಾಮ್‌ಜೆಟ್ ಎಂಜಿನನ್ನು ಐದು ಸೆಕೆಂಡುಗಳ ಕಾಲ ಆಕಾಶದಲ್ಲಿ ನಡೆಯಿಸಿತು. 2020ರಲ್ಲಿ ರಕ್ಷಣಾ ಸಂಶೋಧನ ಸಂಸ್ಥೆಯು ಶಬ್ದದ ಆರುಪಟ್ಟು ವೇಗವನ್ನು ಇಪ್ಪತ್ತು ಸೆಕೆಂಡುಗಳಿಗೂ ಮೀರಿ ಸಾಧಿಸಿತು. ಇದು ಸ್ವದೇಶೀ ವಿದ್ಯೆ, ನಮಗೆ ಹೆಮ್ಮೆಯೇ. ಆದರೆ ಸೆಕೆಂಡುಗಳಿಂದ ಪ್ರಯಾಣಿಕರವರೆಗೆ ದಾರಿಯು ದೂರವಿದೆ. ಆ ವಿಮಾನಗಳು ಬಂದಾಗಲೂ ಸಮುದ್ರಗಳನ್ನು ದಾಟಿ ಮಹಾನಗರಗಳಲ್ಲಿಯೇ ಇಳಿಯುವುವು. ಸಂಡೂರು ತಾಲ್ಲೂಕಿನ ತೋರಣಗಲ್ಲಿಗೆ ಉಡಾನ್ ಯೋಜನೆಯಂತೆ ಪ್ರಯಾಣಿಕರ ಚಿಕ್ಕ ವಿಮಾನವು ಬಂದುದು 2017ರಲ್ಲಿ, ಬಳ್ಳಾರಿಗೆ ಅಂಚೆಯ ವಿಮಾನವಿಳಿದ 85 ವರ್ಷಗಳ ತರುವಾಯ. ಹೊಸಪೇಟೆಯ ವರ್ತಕನಿಗೂ ಕಂಪ್ಲಿಯ ಬೆಳೆಗಾರನಿಗೂ ಆ ಚಿಕ್ಕ ವಿಮಾನವು ದಿನಂಪ್ರತಿ ತಪ್ಪದೆ ಬರುವುದೇ ಮೊದಲಿನ ಅವಶ್ಯಕತೆಯೆಂದು ನಮ್ಮ ಮತ.

1978ರಲ್ಲಿ ಕೇಂದ್ರ ಸರ್ಕಾರವು ಟಾಟಾ ಅವರನ್ನು ಅಧ್ಯಕ್ಷಪದದಿಂದ ತೆಗೆಯಿತು. ಅದು ರಾಷ್ಟ್ರಕ್ಕೆ ಗೌರವವನ್ನು ತರಲಿಲ್ಲ. ಅವರು ಮಾತ್ರ ಹಾರುವುದನ್ನು ಬಿಡಲಿಲ್ಲ. 1982ನೆಯ ಅಕ್ಟೋಬರ್ 15ರಂದು, 78ರ ವೃದ್ಧಾಪ್ಯದಲ್ಲಿ, ಹಳೆಯ ಲೆಪರ್ಡ್ ಮಾತ್ ವಿಮಾನವನ್ನು ಕರಾಚಿಯಿಂದ ಮುಂಬಯಿಗೆ ತಾವೇ ನಡೆಯಿಸಿ ತಂದು ಜುಹುವಿನಲ್ಲಿ ಇಳಿಸಿದರು. 1992ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು. ಮರುವರ್ಷದ ನವೆಂಬರ್ 29ರಂದು ಜಿನೀವಾ ನಗರದಲ್ಲಿ ದಿವಂಗತರಾದರು.