ಮತ್ಸುಕಾತಾ ಮಸಯೋಶಿ: ಜಪಾನಿನ ಹಣವನ್ನು ಗಟ್ಟಿಮಾಡಿದ ಸಚಿವ

ಜಪಾನಿನ ಏಳಿಗೆಯ ಕಥೆ ಹೇಳುವವರು ಸಮುರಾಯಿಗಳನ್ನೂ ಯುದ್ಧನೌಕೆಗಳನ್ನೂ ಗಿರಣಿಗಳನ್ನೂ ಬಾಯಿತುಂಬ ಹೊಗಳುತ್ತಾರೆ. ಲೆಕ್ಕದ ಪುಸ್ತಕ ಹಿಡಿದು ಕುಳಿತವನ ಹೆಸರು ಮಾತ್ರ ಅಪರೂಪ. ನಮ್ಮ ಅರ್ಥಶಾಸ್ತ್ರದ ಪಠ್ಯದಲ್ಲಿ ಮತ್ಸುಕಾತಾ ಮಸಯೋಶಿಗೆ ದೊರೆತಿರುವುದು ಒಂದೆರಡು ವಾಕ್ಯಗಳ ಜಾಗ. ಅಷ್ಟರಿಂದ ನನಗೆ ತೃಪ್ತಿಯಾಗದೆ, ಗ್ರಂಥಾಲಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ಈ ಲೇಖನವನ್ನು ಬರೆಯಲು ಹೊರಟಿದ್ದೇನೆ.

ಆತ ಹುಟ್ಟಿದ್ದು 1835ರಲ್ಲಿ, ದಕ್ಷಿಣದ ಕ್ಯೂಶೂ ದ್ವೀಪದ ಕಾಗೋಶಿಮಾ ಪಟ್ಟಣದಲ್ಲಿ. ಸತ್ಸುಮಾ ಸಂಸ್ಥಾನದ ಬಡ ಸಮುರಾಯಿ ಮನೆತನ. ಹದಿಮೂರರ ವಯಸ್ಸಿಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಹುಡುಗ, ಸಂಸ್ಥಾನದ ಶಾಲೆಯಲ್ಲಿ ಓದಿ ಕಚೇರಿಯ ಸಣ್ಣ ಕೆಲಸಕ್ಕೆ ಸೇರಿದ. 1868ರಲ್ಲಿ ಮೇಜಿ ಚಕ್ರವರ್ತಿಯ ಹೊಸ ಆಡಳಿತ ಬಂದಾಗ ಹಿತಾ ಪ್ರಾಂತಕ್ಕೆ ಅಧಿಕಾರಿಯಾಗಿ ನೇಮಕಗೊಂಡ. ತಬ್ಬಲಿತನದ ನೋವು ಬಲ್ಲವನಾದುದರಿಂದಲೋ ಏನೋ, ಅಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಆಶ್ರಯಧಾಮವನ್ನು ಸ್ಥಾಪಿಸಿದ. ಆತನ ಸ್ವಂತ ಮಕ್ಕಳೇ ಇಪ್ಪತ್ತಕ್ಕೂ ಹೆಚ್ಚು! ಎಷ್ಟು ಮಕ್ಕಳೆಂದು ಚಕ್ರವರ್ತಿ ಒಮ್ಮೆ ಕೇಳಲು, ವಿಚಾರಿಸಿ ತಿಳಿಸುವುದಾಗಿ ಅರಿಕೆ ಮಾಡಿಕೊಂಡನೆಂದು ಒಂದು ಕಥೆ ಪ್ರಚಲಿತವಾಗಿದೆ. ದೇಶದ ಲೆಕ್ಕವನ್ನು ಕಾಸುಕಾಸಿಗೆ ಇಟ್ಟವನಿಗೆ ಮನೆಯ ಲೆಕ್ಕ ತಪ್ಪಿತ್ತು.

ರಾಜಧಾನಿಗೆ ಬಂದ ಮೇಲೆ ಆತನ ಮೊದಲ ದೊಡ್ಡ ಕೆಲಸ 1873ರ ಭೂಕಂದಾಯದ ಸುಧಾರಣೆ. ಅಲ್ಲಿಯವರೆಗೆ ರೈತ ಬೆಳೆದ ಅಕ್ಕಿಯಲ್ಲಿ ಒಂದು ಪಾಲನ್ನು ಪ್ರಭುವಿಗೆ ಅಳೆದು ಕೊಡುತ್ತಿದ್ದ. ಇನ್ನು ಮುಂದೆ ಭೂಮಿಯ ಬೆಲೆಯ ಮೇಲೆ ನೂರಕ್ಕೆ 3ರಂತೆ, ಅದೂ ನಗದಾಗಿ, ಕೊಡಬೇಕೆಂದು ನಿಯಮವಾಯಿತು. ಮಳೆ ಬರಲಿ, ಬಾರದಿರಲಿ, ಕಂದಾಯ ಒಂದೇ. ರೈತರು ದಂಗೆಯೆದ್ದ ಮೇಲೆ 1877ರಲ್ಲಿ ಅದನ್ನು ಎರಡೂವರೆಗೆ ಇಳಿಸಿದರು.

ಅದೇ ವರ್ಷ ಸತ್ಸುಮಾದಲ್ಲಿಯೇ ಸೈಗೋ ತಕಮೋರಿಯ ಬಂಡಾಯ. ಅದನ್ನಡಗಿಸಲು ಸರ್ಕಾರ 2 ಕೋಟಿ 70 ಲಕ್ಷ ಯೆನ್ನುಗಳ ನೋಟುಗಳನ್ನು ಅಚ್ಚುಹಾಕಿತು. ಒಂದು ಬ್ಯಾಂಕಿನಿಂದ ಇನ್ನೂ ಒಂದೂವರೆ ಕೋಟಿ ಸಾಲ ತಂದಿತು. ಇದರ ಮೇಲೆ, ಸ್ವಂತ ನೋಟು ಹೊರಡಿಸುವ ಹಕ್ಕುಳ್ಳ ಬ್ಯಾಂಕುಗಳು 1879ರ ವೇಳೆಗೆ 153 ಆಗಿದ್ದವು. ಫಲವೇನಾಯಿತು? ಅಕ್ಕಿಯ ಬೆಲೆ ಹೆಚ್ಚುಕಡಿಮೆ ಎರಡರಷ್ಟಾಯಿತು. 1881ರ ಏಪ್ರಿಲಿನಲ್ಲಿ ಬೆಳ್ಳಿಯ ಒಂದು ಯೆನ್ ಬೇಕಾದವನು ಕಾಗದದ ಸುಮಾರು 1.80 ಯೆನ್ ಕೊಡಬೇಕಾಗಿತ್ತು. ಭೂಮಿಯುಳ್ಳ ರೈತನಿಗೆ ಇದು ಸುಗ್ಗಿಯ ಕಾಲ. ಕಂದಾಯ ಅಷ್ಟೇ, ಅಕ್ಕಿಗೆ ಮಾತ್ರ ಬೆಲೆ ದುಪ್ಪಟ್ಟು. ಆತ ಹೊಸ ಬಟ್ಟೆ ಕೊಂಡ, ಸಾಲ ಮಾಡಿ ಹೊಸ ಗದ್ದೆ ಕೊಂಡ. ಸರ್ಕಾರದ ಬೊಕ್ಕಸ ಮಾತ್ರ ಬರಿದಾಯಿತು.

ಐದು ಕೋಟಿ ಯೆನ್ನುಗಳನ್ನು ಪರದೇಶದಿಂದ ಸಾಲ ತಂದು ನೋಟುಗಳನ್ನು ಹಿಂದೆಗೆದುಕೊಳ್ಳೋಣವೆಂದು ಒಕುಮಾ ಶಿಗೆನೊಬು 1880ರಲ್ಲಿ ಸೂಚಿಸಿದ. ಮತ್ಸುಕಾತಾ ಇದನ್ನು ವಿರೋಧಿಸಿದ. ಸಾಲ ತೀರಿಸಲಾರದ ಈಜಿಪ್ಟು 1876ರಿಂದ ಯೂರೋಪಿನವರ ಲೆಕ್ಕಪರಿಶೋಧಕರ ಅಡಿಯಾಳಾಗಿದ್ದುದನ್ನು ಜಗತ್ತೆಲ್ಲ ನೋಡುತ್ತಿತ್ತು. 1878ರಲ್ಲಿ ಪ್ಯಾರಿಸ್ಸಿಗೆ ಹೋಗಿದ್ದಾಗ ಫ್ರಾನ್ಸಿನ ಅರ್ಥಸಚಿವ ಲಿಯೋನ್ ಸೇಯಿಂದ ಕೇಂದ್ರ ಬ್ಯಾಂಕಿನ ವಿಷಯ ತಿಳಿದುಕೊಂಡು, ಬೆಲ್ಜಿಯಮ್ಮಿನ ಮಾದರಿಯನ್ನು ಅಭ್ಯಾಸ ಮಾಡಿಸಿದ್ದ. 1881ರ ಅಕ್ಟೋಬರಿನಲ್ಲಿ ಒಕುಮಾ ಪದಚ್ಯುತನಾಗಿ, ಅರ್ಥಖಾತೆ ಮತ್ಸುಕಾತಾನ ಕೈಗೆ ಬಂದಿತು.

ಆತ ಹಿಡಿದ ದಾರಿ ಕಟುವಾದದ್ದು. ಮದ್ಯಕ್ಕೆ, ಹೊಗೆಸೊಪ್ಪಿಗೆ ತೆರಿಗೆ ಏರಿಸಿದ. ಆಡಳಿತದ ಖರ್ಚನ್ನು ಕತ್ತರಿಸಿದ (ಸೈನ್ಯಕ್ಕೆ ಮಾತ್ರ ಆ ಕತ್ತರಿ ತಾಗಲಿಲ್ಲ). ಉಳಿದ ಹಣದಲ್ಲಿ ಒಂದು ಭಾಗದಿಂದ ಹಳೆಯ ನೋಟುಗಳನ್ನು ನಾಶಮಾಡಿಸಿ, ಇನ್ನೊಂದು ಭಾಗದಿಂದ ಬೆಳ್ಳಿ ಕೂಡಿಸಿದ. 1882ರ ಅಕ್ಟೋಬರ್ 10ರಂದು ಬ್ಯಾಂಕ್ ಆಫ್ ಜಪಾನ್ ಬಾಗಿಲು ತೆರೆಯಿತು. 1885ರಲ್ಲಿ ಅದು ಹೊರಡಿಸಿದ ನೋಟನ್ನು ಕೊಟ್ಟರೆ ಬೆಳ್ಳಿ ಸಿಗುತ್ತಿತ್ತು. ನಾಲ್ಕೇ ವರ್ಷಗಳಲ್ಲಿ ಕಾಗದ ಮತ್ತು ಬೆಳ್ಳಿ ಸಮಸಮ!

ಇಲ್ಲಿಯವರೆಗೆ ಓದಿದಾಗ ನಾನೂ ತಲೆದೂಗಿದೆ. ಮುಂದಿನ ಪುಟಗಳನ್ನು ಓದುವಾಗ ಮನಸ್ಸು ಭಾರವಾಯಿತು. 1881ರಿಂದ 1884ರೊಳಗೆ ಅಕ್ಕಿಯ ಬೆಲೆ ಅರ್ಧಕ್ಕೆ ಕುಸಿದಿತ್ತು. ಕಂದಾಯದ ಯೆನ್ ಕಡಿಮೆಯಾಗಲಿಲ್ಲ, ಸಾಹುಕಾರನ ಬಡ್ಡಿಯೂ ಕಡಿಮೆಯಾಗಲಿಲ್ಲ. ಮೊದಲು ಒಂದು ಮೂಟೆ ಮಾರಿ ಕಟ್ಟುತ್ತಿದ್ದುದಕ್ಕೆ ಈಗ ಎರಡು ಮೂಟೆ ಬೇಕು. 1883ರಿಂದ 1890ರವರೆಗೆ ಕಂದಾಯ ಕಟ್ಟಲಾರದೆ ಭೂಮಿ ಹರಾಜಾದ ರೈತರೇ ಮೂರೂವರೆ ಲಕ್ಷಕ್ಕೆ ಮಿಕ್ಕಿದ್ದರು; ಸಾಹುಕಾರನಿಗೆ ಒತ್ತೆಯಿಟ್ಟು ಕಳೆದುಕೊಂಡವರು ಬೇರೆ. ಗೇಣಿಯ ಭೂಮಿ ಸಾಗುವಳಿಯ ನೂರಕ್ಕೆ 40ರಷ್ಟಕ್ಕೆ ಏರಿತು. 1890ರ ಮೊದಲ ಚುನಾವಣೆಯಲ್ಲಿ ಮತ ಹಾಕಲು ವರ್ಷಕ್ಕೆ 15 ಯೆನ್ ನೇರ ತೆರಿಗೆ ಕಟ್ಟುವವನಾಗಿರಬೇಕಿತ್ತು. ಹೊಲ ಹೋದವನಿಗೆ ಮತದಾನದ ಬಾಗಿಲೂ ಮುಚ್ಚಿತ್ತು.

ಟೋಕಿಯೋದ ವಾಯವ್ಯಕ್ಕಿರುವ ಚಿಚಿಬು ಬೆಟ್ಟಸೀಮೆಯ ರೈತರು ರೇಷ್ಮೆ ಬೆಳೆಯುವವರು. ರೇಷ್ಮೆಯ ಬೆಲೆಯೂ ಬಿದ್ದುಹೋಯಿತು. 1884ರ ನವೆಂಬರಿನಲ್ಲಿ ಸಾವಿರಾರು ಜನ ಗುಂಪುಕೂಡಿ ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಸೈನ್ಯ ಬಂದು ಅವರನ್ನು ಕೆಲವೇ ದಿನಗಳಲ್ಲಿ ಚದರಿಸಿತು. ನಾಯಕ ತಾಶಿರೋ ಐಸುಕೆಯನ್ನು ಗಲ್ಲಿಗೇರಿಸಿದರು. ನಮ್ಮ ಮನೆಯಲ್ಲಿಯೂ ಹುಳು ಸಾಕುತ್ತಾರೆ. ಗೂಡಿನ ಬೆಲೆ ಬಿದ್ದ ವಾರ ನಮ್ಮಪ್ಪ ಮಾರುಕಟ್ಟೆಯಿಂದ ಬಂದು ಯಾರೊಡನೆಯೂ ಮಾತನಾಡದೆ ಮಲಗಿಬಿಡುವುದನ್ನು ಕಂಡಿದ್ದೇನೆ. ಆದುದರಿಂದ ಚಿಚಿಬುವಿನ ಜನರನ್ನು ಬರಿಯ ದಂಗೆಕೋರರೆಂದು ಕರೆಯಲು ನನಗೆ ಬಾಯಿ ಬಾರದು.

ಹಾಗೆಂದು ಮತ್ಸುಕಾತಾನನ್ನು ಕಟುಕನೆಂದೂ ಹೇಳಲಾರೆ. ಪರದೇಶದ ಸಾಲವಿಲ್ಲದೆ ನಾಣ್ಯವನ್ನು ನೆಟ್ಟಗೆ ಮಾಡಿದ್ದು ಸಾಮಾನ್ಯ ಸಾಧನೆಯಲ್ಲ. ನನ್ನ ಆಕ್ಷೇಪಣೆ ಬೇರೆ: ಬೆಲೆಗಳು ಅರ್ಧವಾದಾಗ ಕಂದಾಯವನ್ನೂ ಇಳಿಸಬಹುದಾಗಿತ್ತು. ಅದನ್ನು ಆತ ಮಾಡಲಿಲ್ಲ.

ಸರ್ಕಾರ ನಷ್ಟದಲ್ಲಿ ನಡೆಸುತ್ತಿದ್ದ ಕಾರ್ಖಾನೆಗಳನ್ನು ಇದೇ ಕಾಲದಲ್ಲಿ ಖಾಸಗಿಯವರಿಗೆ ಮಾರಲಾಯಿತು. ನಾಗಸಾಕಿಯ ಹಡಗುಕಟ್ಟೆ ಮಿತ್ಸುಬಿಷಿಗೆ, ಕೋಬೆಯಲ್ಲಿದ್ದುದು ಕವಾಸಾಕಿಗೆ. ಈ ಎರಡನೆಯದಕ್ಕೆ 1896ರಲ್ಲಿ ಅಧ್ಯಕ್ಷನಾದವನು ಮತ್ಸುಕಾತಾನ ಮಗ ಕೊಜಿರೋ ಎಂಬುದನ್ನು ಓದುಗರು ಗಮನಿಸಬೇಕು. ಮಾರಿದ್ದು ಬಹುಮಟ್ಟಿಗೆ ಅಗ್ಗದ ಬೆಲೆಗೇ. ಆದರೆ ಮುಂದೆ ಅವು ಲಾಭಕ್ಕೆ ಬಂದವು.

ಚೀನಾದೊಡನೆ ನಡೆದ ಯುದ್ಧದ ಬಳಿಕ 1895ರಲ್ಲಿ ದೊರೆತ ಪರಿಹಾರಧನವನ್ನು ಆಧಾರವಾಗಿಟ್ಟುಕೊಂಡು, ಪ್ರಧಾನಿಯೂ ಅರ್ಥಸಚಿವನೂ ತಾನೇ ಆಗಿದ್ದ ಮತ್ಸುಕಾತಾ 1897ರಲ್ಲಿ ಯೆನ್ನನ್ನು ಚಿನ್ನಕ್ಕೆ ಕಟ್ಟಿದ. ಒಂದು ಯೆನ್ನಿಗೆ 0.75 ಗ್ರಾಂ ಚಿನ್ನ. ಮರುವರ್ಷ, 1898ರಲ್ಲಿ, ನಮ್ಮ ವಿಶ್ವೇಶ್ವರಯ್ಯನವರು ಜಪಾನನ್ನು ಸುತ್ತಿ ನೋಡಿದರು. ಅವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕು ಹುಟ್ಟಿತು.

ಮತ್ಸುಕಾತಾ 1924ರ ಜುಲೈ 2ರಂದು, 89ನೆಯ ವಯಸ್ಸಿನಲ್ಲಿ, ರಾಜಕುಮಾರ ಪದವಿಯ ಗೌರವದೊಡನೆ ತೀರಿಕೊಂಡ. ಜಪಾನಿನ ಗೇಣಿದಾರರಿಗೆ ಬಹುಮಟ್ಟಿಗೆ ಸ್ವಂತ ಹೊಲ ಸಿಕ್ಕಿದ್ದು ಮಾತ್ರ ಎರಡನೆಯ ಮಹಾಯುದ್ಧದಲ್ಲಿ ಸೋತ ಮೇಲೆ, 1946ರ ಭೂಸುಧಾರಣೆಯ ಕಾನೂನಿನಿಂದ.